ತೂಬು ತೆಗೆದವನು

ಲಾಲಪ್ಪ ನನಗೆ ತನ್ನ ಕತೆ ಹೇಳಿದ್ದು ಮೂರನೇ ಭಾನುವಾರ, ಸಿಂಧನೂರಿನ ಒಂದು ಅಕ್ಕಿ ಗಿರಣಿಯ ಹಿಂದೆ, ಹೊಟ್ಟಿನ ಗುಡ್ಡೆಯ ನೆರಳಲ್ಲಿ ಕೂತು. ಅವನು ಅಲ್ಲಿ ಚೀಲ ಹೊಲಿಯುತ್ತಿದ್ದ. ನಾನು ಮಸ್ಕಿಯಿಂದ ಬಸ್ಸಿಗೆ ಹೋಗುತ್ತಿದ್ದೆ. ಮೊದಲ ಭಾನುವಾರ ಅವನು ಬಾಯೇ ಬಿಡಲಿಲ್ಲ. ಚಹಾ ತರಿಸಿ ಕುಡಿಸಿ ಕಳಿಸಿದ. ಎರಡನೇ ಭಾನುವಾರ, "ನನ್ನ ಕತಿ ಯಾಕ್ರಿ ಮಾಸ್ತರ? ಯಾವನರ ರಾಜಂದು ಬರೀರಿ. ಕಿರೀಟ ಹಾಕ್ಕೊಂಡು ಬಿದ್ರ ನೋಡಾಕ ಚಂದ ಇರತೈತಿ" ಅಂದ.

ನಾನು ನಾಟಕದ ಮಾಸ್ತರ. ಹೆಸರು ಮಾಳಿಂಗರಾಯ. ಸಿಂಧನೂರು, ಮಸ್ಕಿ, ಲಿಂಗಸುಗೂರು ಸುತ್ತಿನ ಹಳ್ಳಿ ಹುಡುಗರಿಗೆ ಮಾತು ಕಲಿಸಿ, ಹಾರ್ಮೋನಿಯಂ ಪೇಟಿ ನುಡಿಸಿ ಮೂವತ್ತು ವರ್ಷ ಕಳೆದಿದ್ದೇನೆ. ಹದಿನಾಲ್ಕು ನಾಟಕ ಬರೆದಿದ್ದೆ. ಹದಿನಾಲ್ಕರಲ್ಲೂ ತಂಗಿ ಅಣ್ಣನ ಕಾಲು ಹಿಡಿದು ಅಳುತ್ತಾಳೆ, ಒಬ್ಬ ಮೀಸೆ ತಿರುವುತ್ತಾನೆ, ಕೊನೆಗೆ ಪೊಲೀಸರು ಬರುತ್ತಾರೆ. ಜನ ಶಿಳ್ಳೆ ಹೊಡೆದು ಮನೆಗೆ ಹೋಗುತ್ತಾರೆ. ಮರುದಿನ ನನಗೇ ಆ ಮಾತು ನೆನಪಿರುತ್ತಿರಲಿಲ್ಲ.

ಲಿಂಗಸುಗೂರಿನಲ್ಲಿ ಬಿ.ಎ. ಎರಡನೇ ವರ್ಷದ ತನಕ ಓದಿದವನು ನಾನು. ಅಲ್ಲಿ ಒಬ್ಬ ಮೇಷ್ಟ್ರು ದುರಂತ ನಾಟಕದ ಪಾಠ ಮಾಡಿದ್ದರು. ಕೆಟ್ಟವನು ಬಿದ್ದರೆ ಅದು ಶಿಕ್ಷೆ, ಏನೂ ಮಾಡದವನು ಬಿದ್ದರೆ ಅದು ಬರೀ ಸಂಕಟ; ಒಳ್ಳೆಯವನೊಬ್ಬ ತನ್ನ ಕೈಯಾರೆ ಒಂದು ತಪ್ಪು ಮಾಡಿ, ಅದು ತನ್ನದೇ ಅಂತ ಒಪ್ಪಿ ಹೊತ್ತು ನಿಂತರೆ ಅದು ದುರಂತ, ಅಂದಿದ್ದರು. ಕ್ಲಾಸಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ನನ್ನ ತಲೆಯಲ್ಲಿ ಮಾತ್ರ ಆ ಮಾತು ಉಳಿಯಿತು. ಸಾಯುವುದರೊಳಗೆ ಅಂಥದೊಂದು ಬರೆಯಬೇಕು ಅನ್ನುವ ಆಸೆ. ಲಾಲಪ್ಪನ ಸುದ್ದಿ ಹಳೆಯ ಪೇಪರೊಂದರಲ್ಲಿ ಓದಿದಾಗ, ದೇವರಾಣೆಗೂ ಹೇಳುತ್ತೇನೆ, ಮೊದಲು ಬಂದದ್ದು ಕನಿಕರವಲ್ಲ. ಸಿಕ್ಕಿತು ಅನ್ನಿಸಿತು.

ಅದು ಒಂಬತ್ತು ವರ್ಷದ ಹಿಂದಿನ ಸುದ್ದಿ. ಆ ವರ್ಷ ಡ್ಯಾಮು ಅರ್ಧಕ್ಕೂ ತುಂಬಿರಲಿಲ್ಲ. ಕಾಲುವೆಯ ಮೇಲ್ಭಾಗದವರು ನಾಲ್ಕು ದಿನ ತೂಬು ಮುಚ್ಚಬೇಕು, ಆ ನೀರು ಕಡೇ ಊರಿನ ಭತ್ತಕ್ಕೆ ಮುಟ್ಟಬೇಕು ಅಂತ ಸರತಿ ಮಾಡಿದ್ದರು. ಗೊರೇಬಾಳದ ಹತ್ತಿರ ಒಂದು ದೊಡ್ಡ ತೂಬು. ಅದರ ಕೀಲಿ ದಿನಗೂಲಿ ಕಾವಲುಗಾರ ಲಾಲಪ್ಪನ ಸೊಂಟದಲ್ಲಿ. ಕಾಲುವೆಯ ಕಡೇ ಊರು ಕಡ್ಲಿದಿನ್ನಿ, ಅವನ ಹೆಂಡತಿ ಗದ್ದೆಮ್ಮನ ತವರು. "ನಮ್ಮ ಮಾವ ಇರೋತನಕ ಆ ತೂಬು ಸರತಿ ತಪ್ಪಿ ಏಳೂದಿಲ್ಲ" ಅಂತ ಗದ್ದೆಮ್ಮನ ತಮ್ಮ ವೀರೇಶ ಊರ ಮುಂದೆ ಎದೆ ತಟ್ಟಿ ಹೇಳಿದ್ದ. ಇಪ್ಪತ್ತನಾಲ್ಕರ ಹುಡುಗ.

ಮೂರನೇ ದಿನ ಮಧ್ಯಾಹ್ನ ತೂಬು ಎದ್ದಿತು. ಕಾಲುವೆಯಲ್ಲಿ ನೀರು ಇಳಿದದ್ದು ಕಂಡು ಕಡ್ಲಿದಿನ್ನಿಯವರು ಟ್ರ್ಯಾಕ್ಟರ್ ಏರಿ ಬಂದರು. ಮೇಲಿನವರೂ ಕೂಡಿದರು. ಬಡಿಗೆ ಎತ್ತಿದವರ ನಡುವೆ ವೀರೇಶ ಕೈ ಅಡ್ಡ ಹಿಡಿದು, "ನಮ್ಮ ಮಾವ ತೆಗದಿಲ್ಲ, ಜರಾ ತಡೀರಿ, ಅಂವನ್ನ ಕೇಳೂಣು" ಅನ್ನುತ್ತಿದ್ದ. ನೂಕಾಟದಲ್ಲಿ ಕಾಲುವೆಗೆ ಬಿದ್ದ. ಅವನಿಗೆ ಈಜು ಬರುತ್ತಿತ್ತು. ತೂಬು ಮುಚ್ಚಿದ್ದರೆ ನಾಲ್ಕು ಕೈ ಹೊಡೆದು ದಂಡೆ ಹಿಡಿಯುತ್ತಿದ್ದ. ತೆರೆದ ತೂಬು ಅವನನ್ನು ಒಳಗೆ ಎಳೆದುಕೊಂಡಿತು.

ಆಮೇಲೆ ಎಲ್ಲರೂ ಲಾಲಪ್ಪನಿಗೆ ಒಂದೇ ದಾರಿ ತೋರಿಸಿದರು. "ಬೀಗ ಯಾರೋ ಮುರದಾರಂತ ಬರಸು, ಮುಗೀತು" ಅಂತ ನೀರಾವರಿ ಇಲಾಖೆಯ ಸಾಹೇಬರೇ ಹೇಳಿದರು. ಅವನು ಪೊಲೀಸರ ಮುಂದೆ ನಿಂತು, "ಬೀಗ ಮುರದಿಲ್ರಿ. ಕೀಲಿ ನಂದು, ಕೈ ನಂದು. ನಾನ ತೆಗದೀನಿ" ಅಂದ. ಯಾರು ಹೇಳಿ ತೆಗೆಸಿದರು ಅಂದರೆ, "ಯಾರೂ ಹೇಳಿಲ್ಲ." ಕೋರ್ಟಿನಲ್ಲೂ ಅದೇ. ಕೆಲಸ ಹೋಯಿತು. ಎಂಟು ತಿಂಗಳು ಜೈಲಿನಲ್ಲಿದ್ದ. ಗದ್ದೆಮ್ಮ ಹದಿನಾಲ್ಕು ವರ್ಷದ ಮಗಳು ನಂದಿನಿಯನ್ನು ಕರೆದುಕೊಂಡು ಕಡ್ಲಿದಿನ್ನಿಗೆ ಹೋದಳು. ಹೋಗುವಾಗ ಬೈಯಲಿಲ್ಲ, ಯಾಕೆ ಅಂತ ಕೇಳಲೂ ಇಲ್ಲ. ಆ ಮೇಲೆ ಗಂಡನ ಮುಖ ನೋಡಲಿಲ್ಲ.

ಮೂರನೇ ಭಾನುವಾರ ನಾನು ಕೇಳಿದೆ: "ಖರೇನ ಯಾರೂ ಹೇಳಲಿಲ್ಲೇನು ಲಾಲಪ್ಪ?"

ಅವನು ದಬ್ಬಣವನ್ನು ಚೀಲಕ್ಕೆ ಚುಚ್ಚಿಟ್ಟ.

"ಸಾವ್ಕಾರ ಬಂದಿದ್ದ. ಒಬ್ಬನ ಬಂದಿದ್ದ. ಬೈದಿದ್ರ, ಹೊಡದಿದ್ರ ನಾ ತೆಗೀತಿದ್ದಿಲ್ಲ ಮಾಸ್ತರ. ತಲಿಮ್ಯಾಗಿನ ರುಮಾಲು ತೆಗದು ಕೈ ಮುಗದು ನಿಂತ. 'ಲಾಲಪ್ಪ, ತೆನಿ ಹಾಲು ಹಿಡಿಯಾಕತ್ತೈತಿ, ಎರಡು ತಾಸು ಬಿಡು' ಅಂದ. ನನ್ನ ಮಗಳ ಹೆಸರು ಎತ್ತಲಿಲ್ಲ. ಎತ್ತಿದ್ರ ಛಲೋ ಇತ್ತು. ನನಗ ಸಿಟ್ಟರ ಬರತಿತ್ತು."

ಸಾವ್ಕಾರ ಅಂದರೆ ಗೊರೇಬಾಳದ ಶಿವಶರಣಪ್ಪ. ಆ ತೂಬಿನ ಕೆಳಗಿನ ಹೊಲವೆಲ್ಲ ಅವರದೇ. ನಂದಿನಿ ಐದು ವರ್ಷದವಳಿದ್ದಾಗ ಅವಳಿಗೆ ಮೆದುಳು ಜ್ವರ ಬಂದಿತ್ತು. ಶಿವಶರಣಪ್ಪ ತಮ್ಮ ಜೀಪಿನಲ್ಲಿ ಹಾಕಿಕೊಂಡು ರಾಯಚೂರಿಗೆ ಒಯ್ದು, ಮೂರು ದಿನ ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ಮಗು ಉಳಿಯಿತು.

"ಎರಡು ತಾಸಿನ್ಯಾಗ ಏನಾಗತೈತಿ ಅಂದ್ಕೊಂಡೆ" ಅಂದ ಲಾಲಪ್ಪ. "ಆತು."

ನಾನು ನಾಟಕ ಬರೆಯುವುದಕ್ಕೆ ಒಪ್ಪಿದ. ಆದರೆ ಮಾತು ತೆಗೆದುಕೊಂಡ. "ನಾನ ತೆಗದೆ ಅನ್ನೂದು ಇರಬೇಕು. ಅದನ್ನ ಮಾತ್ರ ಮುಟ್ಟಬ್ಯಾಡ್ರಿ."

"ಸಾವ್ಕಾರ ಬಂದದ್ದು?"

"ಕೋರ್ಟಿನ್ಯಾಗ ನಾ ಹೇಳಿಲ್ಲ, ಹೇಳೂದೂ ಇಲ್ಲ. ನಾಟಕದಾಗ ಹೆಸರು ಬ್ಯಾರೆ ಇರತಾವಲ್ಲ?" ನನ್ನ ಮುಖ ನೋಡದೆ ಹೇಳಿದ: "ಗದ್ದಿ ನಾಟಕ ಅಂದ್ರ ಜೀವ ಬಿಡತಾಳ. ನೋಡಿದ್ರ ಆಕಿಗೆ ತಿಳೀತೈತಿ, ನಾ ಯಾಕ ತೆಗದೆ ಅಂತ. ನನ್ನ ಬಾಯಿಲೆ ಹೇಳಾಕ ಆಗೂದಿಲ್ಲ. ಆದ್ರ ಹುಡಿಗಿ ಜ್ವರದ ಮಾತು ಹಾಕಬ್ಯಾಡ್ರಿ. ಒಂದು ಋಣ ಇತ್ತು ಅಂತ ಬರೀರಿ, ಸಾಕು. ತನ್ನ ಸಲುವಾಗಿ ಮಾಮ ಸತ್ತ ಅಂತ ಆಕಿ ಹೊತ್ಕೋಬಾರದು."

ಹನ್ನೊಂದು ದಿನದಲ್ಲಿ ಬರೆದೆ. ನಾಯಕನಿಗೆ ಸಿದ್ದ ಅಂತ ಹೆಸರಿಟ್ಟೆ. ಧಣಿ ಬಂದು ರುಮಾಲು ತೆಗೆದು ಕೈ ಮುಗಿಯುವ ದೃಶ್ಯದಲ್ಲಿ ಸಿದ್ದನಿಗೆ ಮಾತೇ ಇಟ್ಟಿರಲಿಲ್ಲ; ಸುಮ್ಮನೆ ಕೀಲಿ ಬಿಚ್ಚುತ್ತಾನೆ, ಅಷ್ಟೇ. ಮೂವತ್ತು ವರ್ಷದಲ್ಲಿ ನಾನು ಬರೆದ ಒಂದೇ ಒಂದು ಖರೇ ದೃಶ್ಯ ಅದು. ಕೊನೆಗೆ ಸಿದ್ದ ಊರೆಲ್ಲರ ಮುಂದೆ "ನಾನೇ ತೆಗೆದೆ" ಅಂದು, ಅದೇ ಕಾಲುವೆಗೆ ಹಾರುತ್ತಾನೆ. ಆ ಸಾವೊಂದು ನನ್ನ ಕಲ್ಪನೆ. ನಾಟಕ ಮುಗಿಯಬೇಕಲ್ಲ.

ಅದನ್ನು ಗೊರೇಬಾಳದವರಿಗೇ ಯಾಕೆ ಕೊಟ್ಟೆ ಅಂತ ಕೇಳಬಹುದು. ಕಡ್ಲಿದಿನ್ನಿಯವರಿಗೆ ರಂಗ ಕಟ್ಟುವ ಶಕ್ತಿ ಇರಲಿಲ್ಲ. ಗೊರೇಬಾಳ ನನ್ನ ಮೊದಲ ನಾಟಕ ಆಡಿದ ಊರು. ಒಳ್ಳೆಯ ಸೀನರಿ, ಒಳ್ಳೆಯ ಮೈಕು, ಸಾಲಗುಂದದಿಂದಲೂ ಜನ ಬರುತ್ತಾರೆ. ಹೆಸರು ಬದಲಿಸಿದ್ದೇನೆ, ಯಾರಿಗೆ ತಿಳಿಯುತ್ತದೆ ಅಂದುಕೊಂಡೆ. ತಿಳಿಯದಷ್ಟು ಪೆದ್ದ ನಾನಲ್ಲ. ಆಸೆ ಇತ್ತು, ಅಷ್ಟೇ.

ಅಲ್ಲಿನ ನಾಟಕ ಮಂಡಳಿಗೆ ಮುಂದಾಳು ಶಿವಶರಣಪ್ಪನವರ ಮಗ ಗುರುಬಸವ. ಮೂವತ್ತೆರಡು ವರ್ಷ, ಒಳ್ಳೆಯ ಧ್ವನಿ, ಎಲೆಕ್ಷನ್ನಿಗೆ ನಿಲ್ಲುವ ವಿಚಾರ ಇತ್ತು. ಸಿದ್ದನ ಪಾತ್ರ ತನಗೇ ಬೇಕೆಂದ. ಹಸ್ತಪ್ರತಿ ಒಯ್ದು ಎರಡು ದಿನ ಓದಿದ. ಮೂರನೇ ದಿನ ಮಸ್ಕಿಗೆ ಬಂದು ಬೈಕಿನ ಮೇಲೆ ನನ್ನನ್ನು ಕೂರಿಸಿಕೊಂಡು ಮನೆಗೆ ಕರೆದೊಯ್ದ.

ಶಿವಶರಣಪ್ಪ ಪಡಸಾಲೆಯ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಎಪ್ಪತ್ತು ದಾಟಿತ್ತು, ಎಡಗೈ ಸರಿಯಾಗಿ ಏಳುತ್ತಿರಲಿಲ್ಲ. ಅವರ ಹೆಂಡತಿ ಕಲ್ಯಾಣಮ್ಮ ಚಹಾ ಇಟ್ಟು ಒಳಗೆ ಹೋದರು.

"ಲಾಲಪ್ಪ ಹೇಳಿದ್ನೇನು?" ಅಂತ ನೇರ ಕೇಳಿದರು.

"ಇಲ್ಲರಿ. ನನ್ನ ಕಲ್ಪನಾ."

"ಹೂಂ. ಕಲ್ಪನಾ ಇದ್ರ ಬದಲ ಮಾಡಾಕ ಏನು ತ್ರಾಸು?"

ಗುರುಬಸವ ನಡುವೆ ಬಂದ. ಅವನಲ್ಲಿ ಸಿಟ್ಟಿರಲಿಲ್ಲ, ಉಮೇದಿ ಇತ್ತು. "ಮಾಸ್ತರ, ನಾಟಕ ಭಾಳ ಭಾರಿ ಐತಿ. ಒಂದ ಮಾತು. ಸಿದ್ದ ಯಾಕ ತೆಗೀಬೇಕು? ಹೊರಗಿನ ಕಂತ್ರಾಟುದಾರ ಬೀಗ ಮುರೀತಾನ. ಊರಾಗ ಹೊಡದಾಟ ಆಗಬಾರದಂತ ಸಿದ್ದ ಗುನ್ನೆ ತನ್ನ ಮ್ಯಾಲ ಹಾಕ್ಕೋತಾನ. ಜನ ಇನ್ನೂ ಹೆಚ್ಚು ಅಳತಾರ. ತಪ್ಪು ಮಾಡಿದವನ ಸಲುವಾಗಿ ಯಾರು ಅಳತಾರ್ರಿ?"

"ಅಳತಾರ" ಅನ್ನಬೇಕಿತ್ತು. ಅಂಥವನಿಗೇ ಅಳಬೇಕು, ಅದಕ್ಕೇ ನಾಟಕ ಅಂತ ಒಂದು ಇರುವುದು ಅನ್ನಬೇಕಿತ್ತು. ನಾನು ಚಹಾ ಕುಡಿದೆ.

ಆಗ ಶಿವಶರಣಪ್ಪ ಏಳಲಾರದ ಎಡಗೈಯನ್ನು ಬಲಗೈಯಿಂದ ಎತ್ತಿ ಹಿಡಿದು ನನಗೆ ಕೈ ಮುಗಿದರು. "ಆ ಹುಡುಗ ಹೋದದ್ದು ನನಗೂ ದಿನಾ ಕಣ್ಣಿಗೆ ಕಟ್ಟತೈತಿ ಮಾಸ್ತರ. ನಾ ಕೆಟ್ಟವ ಅಲ್ಲ. ಆದ್ರ ನನ್ನ ಮಗ ನಾಳೆ ನಾಕು ಮಂದ್ಯಾಗ ತಿರಗಬೇಕು. ನಾ ಕೈ ಮುಗದದ್ದೊಂದು ಬ್ಯಾಡ. ಉಳದದ್ದು ನಿಮಗ ತಿಳದಂಗ ಬರೀರಿ."

ಒಂದು ಮಧ್ಯಾಹ್ನದಲ್ಲಿ ಬದಲಿಸಿದೆ. ಆರು ಪುಟ ಹರಿದೆ, ನಾಲ್ಕು ಪುಟ ಬರೆದೆ. ಕಂತ್ರಾಟುದಾರನಿಗೆ ಮೀಸೆ ಇಟ್ಟೆ. ಲಾಲಪ್ಪನಿಗೆ ಹೇಳಬೇಕು ಅಂದುಕೊಂಡು ಎರಡು ಭಾನುವಾರ ಬಸ್‌ ಸ್ಟ್ಯಾಂಡಿನ ತನಕ ಹೋಗಿ, ಮರಳಿ ಬಂದೆ.

ಬೇಸಿಗೆ ಭತ್ತ ಕೊಯ್ಲಾದ ಮೇಲೆ ಗೊರೇಬಾಳದಲ್ಲಿ ಆಟ ಇಟ್ಟರು. ರಾತ್ರಿ ಹತ್ತಕ್ಕೆ ಮೈಕು ಬಂದ್ ಮಾಡಬೇಕೆಂದು ಪೊಲೀಸರ ತಾಕೀತು. ಅದಕ್ಕೇ ಹೊತ್ತು ಇರುವಾಗಲೇ ಶುರುವಾಯಿತು. ನಾನು ರಂಗದ ಬಲಕ್ಕೆ ಪೇಟಿ ಮುಂದೆ ಕೂತಿದ್ದೆ. ಎರಡನೇ ಅಂಕದಲ್ಲಿ ಲಾಲಪ್ಪ ಕಣ್ಣಿಗೆ ಬಿದ್ದ. ಎಡಗಡೆ ನೆಲದ ಮೇಲೆ ಕೂತ ಜನರ ನಡುವೆ ಇದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಅವನು ಹಿಂದೆ ತಿರುಗಿ ಹೆಂಗಸರ ಕಡೆ ನೋಡುವುದು, ಮತ್ತೆ ರಂಗದ ಕಡೆ ನೋಡುವುದು ಮಾಡುತ್ತಿದ್ದ. ಗದ್ದೆಮ್ಮ ಬಂದಿದ್ದಾಳೋ ಅಂತ ಹುಡುಕುತ್ತಿದ್ದಾನೆ ಅಂತ ತಿಳಿಯಿತು. ಅವಳು ಬಂದಿರಲಿಲ್ಲ.

ಮೀಸೆಯ ಕಂತ್ರಾಟುದಾರ ಹಾರೆ ಹಿಡಿದು ಬಂದ. ಬೀಗ ಮುರಿದ. ಜನ "ಏಯ್" ಅಂತ ಕೂಗಿದರು. ಲಾಲಪ್ಪ ಎದ್ದು ನಿಂತ. ಹಿಂದಿನವರು, "ಏ, ಕೂಡೋ, ಕಾಣವಲ್ದು" ಅಂತ ಒದರಿದರು. ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದ. ಯಾರೋ ಅಂಗಿ ಹಿಡಿದು ಎಳೆದು ಕೂರಿಸಿದರು. ಕೊನೆಗೆ ಗುರುಬಸವ "ನನ್ನ ಊರು ಬದುಕಲಿ" ಅಂದು ಕಾಲುವೆಗೆ ಹಾರಿದ. ನಾನು ಪೇಟಿ ಒತ್ತಿದೆ. ಹೆಂಗಸರು ಬಿಕ್ಕಿ ಬಿಕ್ಕಿ ಅತ್ತರು. ಮುಂದಿನ ಸಾಲಿನ ಕುರ್ಚಿಯಲ್ಲಿ ಶಿವಶರಣಪ್ಪನವರ ಕಣ್ಣಲ್ಲೂ ನೀರಿತ್ತು. ಅದು ಸುಳ್ಳು ನೀರು ಅಂತ ನಾನು ಹೇಳಲಾರೆ.

ಆಟ ಮುಗಿದ ಮೇಲೆ ಲಾಲಪ್ಪ ಪರದೆಯ ಹಿಂದೆ ಬಂದ. ಬಣ್ಣ ಒರೆಸುತ್ತಿದ್ದ ಗುರುಬಸವ ಎದ್ದು ಅವನನ್ನು ಬಿಗಿಯಾಗಿ ಅಪ್ಪಿಕೊಂಡ. "ಕಾಕಾ, ನಿನ್ನ ಕತಿ ಇದು. ನೀ ದೇವರಂಥವ" ಅಂದ. ನಾಲ್ಕು ಜನ ಮೊಬೈಲಿನಲ್ಲಿ ವಿಡಿಯೋ ಮಾಡಿದರು. ಅವರೆಲ್ಲ ಹೋಗುವ ತನಕ ಲಾಲಪ್ಪ ಕಾದ. ಆಮೇಲೆ ನನ್ನ ಹತ್ತಿರ ಬಂದ.

"ಗುನ್ನೆ ನಂದು ಮಾಸ್ತರ. ಅದನ್ನೂ ಕಸಗೊಂಡ್ರಲ್ಲ."

"ನಿನ್ನ ಹೆಸರು ಛಲೋ ಆತಲ್ಲೋ" ಅಂದೆ. "ಜನ ಎಷ್ಟು ಅತ್ರು, ನೋಡಿದಿಲ್ಲ?"

"ಯಾರ ಸಲುವಾಗಿ ಅತ್ರು? ತೂಬು ತೆಗೀಲಾರದಂವ ಯಾವನೋ, ಅಂವನ ಸಲುವಾಗಿ ಅತ್ರು. ನಾ ತೆಗದವ. ಒಂಬತ್ತು ವರ್ಷ ಸುಳ್ಳು ಹೇಳಲಾರದ ಕುಂತೀನಿ. ನೀವು ಒಂದು ಸಂಜೀಗೆ ಊರ ಮುಂದ ನನ್ನ ಬಾಯಿಲೆ ಸುಳ್ಳು ಹೇಳಿಸಿದ್ರಿ."

ಅವನ ಧ್ವನಿ ಏರಿರಲಿಲ್ಲ. ನಾನು ಪೇಟಿಯ ಬಟ್ಟೆ ಮಡಚುವುದರಲ್ಲಿದ್ದೆ. ತಲೆ ಎತ್ತಿದಾಗ ಹೋಗಿದ್ದ.

ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಹತ್ತು ದಿನದ ಮೇಲೆ ಮಸ್ಕಿಯ ನನ್ನ ಮನೆಗೆ ಇಬ್ಬರು ಹೆಂಗಸರು ಬಂದರು. ಒಬ್ಬಳಿಗೆ ಇಪ್ಪತ್ತಮೂರು ಇರಬಹುದು. ನಂದಿನಿ, ಈಗ ಲಿಂಗಸುಗೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಜೊತೆಗೆ ಅವಳ ತಾಯಿ. ಗದ್ದೆಮ್ಮ ಹೊಸ್ತಿಲ ಒಳಗೆ ಬರಲಿಲ್ಲ. ಕಟ್ಟೆಯ ಮೇಲೇ ಕೂತು ಕೇಳಿದಳು.

"ಮೊಬೈಲಿನ್ಯಾಗ ನೋಡೀನ್ರಿ. ಬರದವರು ನೀವಂತ. ಅಂವನ ಕೂಡ ಕುಂತು ಕೇಳಿ ಬರದೀರಂತ. ನನಗ ಇಷ್ಟ ಹೇಳ್ರಿ. ಬೀಗ ಖರೇನ ಮುರದಿದ್ರೇನು?"

ಅವಳ ಕೈ ಸೆರಗಿನ ತುದಿಯನ್ನು ಗಂಟು ಹಾಕುತ್ತಿತ್ತು, ಬಿಚ್ಚುತ್ತಿತ್ತು. ನಾನು ಯೋಚನೆ ಮಾಡಿದೆ. ಕೆಡಿಸಿದ್ದು ನಾನು, ಅದೇ ಸುಳ್ಳಿನಿಂದ ಒಂದು ಮನೆ ಕೂಡುವುದಾದರೆ ಕೂಡಲಿ ಅನ್ನಿಸಿತು. ಒಂಬತ್ತು ವರ್ಷ ಸಾಲದೇ?

"ಹೌದ್ರಿ" ಅಂದೆ. "ಮುರದಿದ್ರು."

ಗದ್ದೆಮ್ಮ ಅಳಲಿಲ್ಲ. ಒಂದು ದೊಡ್ಡ ಉಸಿರು ಬಿಟ್ಟಳು. ನಂದಿನಿ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು. ರೋಗಿ ನೋವಿಲ್ಲ ಅಂದಾಗ ನರ್ಸು ನೋಡುವ ಹಾಗೆ.

ಭಾನುವಾರ ಮೂವರೂ ಸಿಂಧನೂರಿಗೆ ಹೋದೆವು. ನಾನು ಬರುವುದಿಲ್ಲ ಅಂದಿದ್ದೆ; ಗದ್ದೆಮ್ಮನೇ, "ನೀವಿದ್ರ ಛಲೋ" ಅಂದಳು. ಮಡಿಲಲ್ಲಿ ರೊಟ್ಟಿಯ ಗಂಟು ಇತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಗಂಟನ್ನು ಮಗುವಿನ ಹಾಗೆ ಹಿಡಿದುಕೊಂಡಿದ್ದಳು.

ಲಾಲಪ್ಪ ನಮ್ಮನ್ನು ನೋಡಿ ಎದ್ದು ನಿಂತ. ಕೈಯಲ್ಲಿದ್ದ ಹುರಿ ಕೆಳಗೆ ಬಿತ್ತು. ಗದ್ದೆಮ್ಮ ಅವನ ಎದುರು ನೆಲದ ಮೇಲೆ ಕೂತಳು.

"ಬೀಗ ಮುರದಿದ್ರಂತಲ್ಲ. ನನ್ನ ಮುಂದರ ಹೇಳಬಾರದಾ?"

"ಯಾರು ಹೇಳಿದ್ರು?"

"ಮಾಸ್ತರ ಹೇಳ್ಯಾರ." ಅವಳ ಮುಖದಲ್ಲಿ ಬೆಳಕಿತ್ತು. "ನನ್ನ ತಮ್ಮ ಬರೋಬ್ಬರಿ ಹೇಳಿದ್ದ ನೋಡು. 'ಮಾವ ತೆಗದಿಲ್ಲ' ಅಂತ ಹೇಳಕೋತನ ಸತ್ತ. ಅಂವನ ಮಾತು ಖರೇ ಆತಲ್ಲ, ನನಗ ಅಷ್ಟ ಸಾಕು. ನಡಿ ಮನಿಗೆ."

ಲಾಲಪ್ಪ ನನ್ನ ಕಡೆ ನೋಡಿದ. ನಾನು ಕಣ್ಣಲ್ಲೇ ಬೇಡಿಕೊಂಡೆ. ನಂದಿನಿ ಅಪ್ಪನ ಹತ್ತಿರ ಹೋಗಿ ಮೆಲ್ಲಗೆ, "ಹೂಂ ಅನ್ನಪ್ಪ. ಅಷ್ಟ ಅನ್ನು. ಹೋಗೂಣು" ಅಂದಳು. ಬೀಗದ ಮಾತು ಸುಳ್ಳು ಅಂತ ಅವಳಿಗೆ ತಿಳಿದಿತ್ತು. ಸುಳ್ಳಾದರೂ ಅಪ್ಪ ಬೇಕಾಗಿದ್ದ.

ಗಿರಣಿಯ ಒಳಗೆ ಯಂತ್ರ ಒಂದೇ ಸಮ ಹೊಡೆದುಕೊಳ್ಳುತ್ತಿತ್ತು. ಲಾಲಪ್ಪ ಹುರಿಯನ್ನು ಎತ್ತಿಕೊಂಡು ಬೆರಳಿಗೆ ಸುತ್ತಿದ, ಬಿಚ್ಚಿದ.

"ಇಲ್ಲ ಗದ್ದಿ. ಬೀಗ ಯಾರೂ ಮುರದಿಲ್ಲ. ನಾನ ತೆಗದೀನಿ."

ಗದ್ದೆಮ್ಮನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಅವಳ ಧ್ವನಿ ಕೇಳಿಸಿತು.

"ಯಾಕ?"

ಒಂಬತ್ತು ವರ್ಷದ ಹಿಂದೆ ಕೇಳದ ಮಾತು. ಲಾಲಪ್ಪ ಮೊದಲು ಮಗಳನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಹೇಳಬೇಡಿ ಅನ್ನುವ ನೋಟವೋ, ಗದ್ದೆಮ್ಮನನ್ನು ಒತ್ತಟ್ಟಿಗೆ ಕರೆದು ಹೇಳಿ ಅನ್ನುವ ನೋಟವೋ, ಇವತ್ತಿನ ತನಕ ನನಗೆ ಗೊತ್ತಾಗಿಲ್ಲ. ಕರೆದು ಹೇಳಬಹುದಿತ್ತು. ಎರಡು ಹೆಜ್ಜೆ ಆಚೆ ಹೋಗಿ, ಸಾವ್ಕಾರ ಬಂದಿದ್ದ, ಕೈ ಮುಗಿದಿದ್ದ ಅಂದರೆ ಸಾಕಿತ್ತು. ಉಳಿದದ್ದು ಅವಳೇ ತಿಳಿದುಕೊಳ್ಳುತ್ತಿದ್ದಳು. ಆ ಗಳಿಗೆಯಲ್ಲಿ ನನಗೆ ಗುರುಬಸವ ನೆನಪಾದ, ಮುಂದಿನ ಐದು ಆಟದ ತಾರೀಖು ನೆನಪಾಯಿತು. ನೆನಪಾಗಲಿಲ್ಲ ಅಂದರೆ ಸುಳ್ಳು ಹೇಳಿದ ಹಾಗೆ.

"ಯಾಕಂದ್ರ..." ಅಂದ ಲಾಲಪ್ಪ. "ತೆಗದೆ. ಅಷ್ಟ."

ಗದ್ದೆಮ್ಮ ಎದ್ದಳು. "ನನ್ನ ತಮ್ಮ ಸುಳ್ಳ ಮಾತಿಗೆ ಜೀವ ಬಿಟ್ಟ ಅಂದಂಗಾತು" ಅಂದಳು. ಜಗಳವಿಲ್ಲ, ಶಾಪವಿಲ್ಲ. ರೊಟ್ಟಿಯ ಗಂಟು ಎತ್ತಿಕೊಳ್ಳುವುದು ನೆನಪಿರಲಿಲ್ಲವೋ ಏನೋ, ಅಲ್ಲೇ ಬಿಟ್ಟು ಗೇಟಿನ ಕಡೆ ನಡೆದಳು. ನಂದಿನಿ ಹಿಂದೆ ಹೋಗುವಾಗ ನಿಂತು, "ಒಂದು ಹೂಂ ಅನ್ನಾಕ ನಿನಗ ಏನಾಗಿತ್ತಪ್ಪ?" ಅಂದಳು. ಗದ್ದೆಮ್ಮ ಕೇಳಿದ 'ಯಾಕ'ಕ್ಕೆ ಉತ್ತರ ಅವಳೇ ಆಗಿದ್ದಳು.

"ಇನ್ನ ಬರಬ್ಯಾಡ್ರಿ ಮಾಸ್ತರ" ಅಂದ ನನಗೆ. ಕೂತು ಚೀಲ ಹೊಲಿಯತೊಡಗಿದ.

ನಾಟಕ ಹೋದಲ್ಲೆಲ್ಲ ಗೆದ್ದಿತು. ಗುರುಬಸವನೂ ಎಲೆಕ್ಷನ್ನಿನಲ್ಲಿ ಗೆದ್ದ. ಪೇಪರಿನವರು ನನ್ನ ಫೋಟೋ ಹಾಕಿದರು. ಲಿಂಗಸುಗೂರಿನ ಒಂದು ಕಾಲೇಜಿನವರು ಕರೆದು ಶಾಲು ಹೊದಿಸಿ, ದುರಂತ ನಾಟಕದ ಬಗ್ಗೆ ಹುಡುಗರಿಗೆ ಎರಡು ಮಾತು ಹೇಳಿ ಅಂದರು. ಆ ಹಳೆಯ ಮೇಷ್ಟ್ರ ಮಾತನ್ನೇ ಹೇಳಿದೆ: ಒಳ್ಳೆಯವನ ಕೈಯಾರೆ ಆದ ತಪ್ಪು, ಅದನ್ನು ಒಪ್ಪಿ ಹೊರುವುದು, ಅದೆಲ್ಲ. ಚಪ್ಪಾಳೆ ಬಿತ್ತು. ಅಮೂಲ್ಯಾ ಅನ್ನುವ ಹುಡುಗಿ ಎದ್ದು ನಿಂತಳು.

"ಸರ್, ನಾ ನಿಮ್ಮ ನಾಟಕ ನೋಡೀನಿ. ಸಿದ್ದನ ತಪ್ಪು ಏನ್ರಿ?"

"ಅಂದ್ರ?"

"ಅಂವ ಏನೂ ಮಾಡೇ ಇಲ್ಲಲ್ರಿ. ಬೀಗ ಬ್ಯಾರೆಯವರು ಮುರೀತಾರ. ಈಗ ನೀವು ಹೇಳಿದ್ದು ನೋಡಿದ್ರ ಅದು ದುರಂತ ಹೆಂಗಾಗತೈತಿ? ಬರೀ ಸಂಕಟ ಅಲ್ಲೇನ್ರಿ?"

ಹುಡುಗರು ನಕ್ಕರು. ಪ್ರಾಂಶುಪಾಲರು ಅವಳನ್ನು ಗದರಿ ಕೂರಿಸಿದರು. ವಿಧಿ ಅಂತ ಒಂದು ಇರುತ್ತದಮ್ಮ ಅಂತ ಏನೋ ತೊದಲಿದೆ. ಅವಳಿಗೆ ಅದು ಹಿಡಿಸಲಿಲ್ಲ ಅಂತ ಮುಖವೇ ಹೇಳಿತು. ಬಸ್ಸಿನಲ್ಲಿ ಬರುವಾಗ ಶಾಲನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಆ ಹುಡುಗಿಗೆ ಸಿಗದ ಉತ್ತರ ನನ್ನ ಹತ್ತಿರ ಇತ್ತು, ಮತ್ತೊಬ್ಬಳಿಗೂ ಅದೇ ಉತ್ತರ ಬೇಕಿತ್ತು. ಮರುದಿನ ಬೆಳಿಗ್ಗೆ ಎದ್ದವನೇ ಕಡ್ಲಿದಿನ್ನಿಗೆ ಹೋದೆ.

ಗದ್ದೆಮ್ಮ ಅಂಗಳದಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ನನ್ನನ್ನು ಕೂರು ಅನ್ನಲಿಲ್ಲ. ನಿಂತೇ ಹೇಳಿದೆ. ಶಿವಶರಣಪ್ಪ ಒಬ್ಬನೇ ಬಂದದ್ದು, ರುಮಾಲು ತೆಗೆದದ್ದು, ಕೈ ಮುಗಿದದ್ದು, ರಾಯಚೂರಿನ ಮೂರು ದಿನದ ಋಣ, ಮಗಳಿಗೆ ತಿಳಿಯಬಾರದು ಅಂತ ಅವನು ಗಿರಣಿಯಲ್ಲಿ ಬಾಯಿ ಮುಚ್ಚಿದ್ದು. ನಾನು ಹರಿದ ಆರು ಪುಟದ ಮಾತನ್ನೂ ಹೇಳಿದೆ. ಹೇಳುತ್ತಾ ಹೋದಂತೆ ನನ್ನ ಎದೆ ಹಗುರಾಯಿತು. ಅದನ್ನೂ ಬಚ್ಚಿಡುವುದಿಲ್ಲ.

ಅವಳ ಕೈ ನಿಂತಿತ್ತು. ಬೆರಳೆಲ್ಲ ಕೆಂಪಾಗಿದ್ದವು.

"ನಂದಿನಿಗೆ ಇದು ಗೊತ್ತೈತೇನು?"

"ಇಲ್ಲ."

"ಅವತ್ತು ಗಿರಣ್ಯಾಗ ನಾ 'ಯಾಕ' ಅಂತ ಕೇಳಿದಾಗ ನೀವೂ ಅಲ್ಲೇ ನಿಂತಿದ್ರಲ್ಲ. ಬಾಯಾಗ ಏನಿಟ್ಕೊಂಡಿದ್ರಿ?"

ನಾನು ಮಾತು ಹೊರಳಿಸಿದೆ.

"ಈಗ ನೀವು ಹೋಗಿ ಆತನ ಮುಂದ..." ಅಂತ ಶುರು ಮಾಡಿದೆ. ಅವಳು ತಡೆದಳು.

"ಹೋಗಿ ಏನನ್ಲಿ? ಒಂಬತ್ತು ವರ್ಷ ಬಿಟ್ಟಾಕಿ ಈಗ ಯಾಕ ಹೋದಿ ಅಂತ ಮಗಳು ಕೇಳತಾಳ. ಏನು ಹೇಳ್ಲಿ? ನಿನ್ನ ಜೀವ ಉಳಿಸಿದ ಋಣಕ್ಕ ನಿನ್ನ ಮಾಮನ ಜೀವ ಹೋತು ಅನ್ಲೇನು? ಅಂವ ಅದನ್ನ ಮುಚ್ಚಾಕ ಹೆಂಡತಿ ಮಕ್ಕಳನ್ನ ಬಿಟ್ಟ. ನಾ ಹೋಗಿ ಬಿಚ್ಚಿಡ್ಲೇನು? ಅಂವನ ಮ್ಯಾಲ ಸಿಟ್ಟಿತ್ತು. ಆ ಸಿಟ್ಟು ಹಿಡಕೊಂಡು ಬದುಕಿದ್ದೆ ಮಾಸ್ತರ. ಈಗ ಯಾರ ಮ್ಯಾಲ ಸಿಟ್ಟು ಮಾಡ್ಲಿ? ಹುಡಿಗಿ ಮ್ಯಾಲ? ಆಕಿ ಮುಖ ನೋಡಿದಾಗೆಲ್ಲ ಇನ್ನ ನನಗ ತಮ್ಮ ಕಾಣತಾನ."

ತೊಟ್ಟು ಬಿಡಿಸಿದ ಕಾಯಿಗಳನ್ನು ಮೊರದಲ್ಲಿ ಒಂದು ಕಡೆ ಒತ್ತರಿಸಿದಳು. "ಹೊರಲಾರದಕ್ಕ ನನ್ನ ತಲಿಮ್ಯಾಲ ಇಳಿಸಾಕ ಬಂದ್ರಿ. ಇಳಸಿದ್ರಲ್ಲ, ನಡೀರಿ" ಅಂದಳು.

ಊರ ಹೊರಗೆ ಬಸ್ಸು ನಿಲ್ಲುವಲ್ಲಿ ನಂದಿನಿ ಇಳಿಯುತ್ತಿದ್ದಳು. ಅವತ್ತು ಅವಳಿಗೆ ರಜೆ. ಹೆಗಲಿಗೆ ಚೀಲ, ಕೈಯಲ್ಲಿ ತಾಯಿಗೆ ತಂದ ಬಾಳೆಹಣ್ಣು. ನನ್ನನ್ನು ನೋಡಿ ನಿಂತಳು.

"ಯಾಕ ಬಂದಿದ್ರಿ?"

"ಸುಮ್ಮನ. ಮಾತಾಡಸಾಕ."

"ಮತ್ತೊಂದು ನಾಟಕ ಬರಿಯಾಕತ್ತೀರೇನು?"

ಇಲ್ಲ ಅಂದೆ. ಅವಳು ಮನೆಯ ಕಡೆ ನಡೆದಳು. ತಾಯಿ ಇವತ್ತು ಅವಳ ಮುಖವನ್ನು ಹೇಗೆ ನೋಡುತ್ತಾಳೆ ಅನ್ನುವುದು ನನಗೊಬ್ಬನಿಗೇ ಗೊತ್ತಿತ್ತು, ಕರೆದು ನಿಲ್ಲಿಸಿ ಹೇಳುವ ಮಾತು ಒಂದೂ ಇರಲಿಲ್ಲ.

ಲಾಲಪ್ಪ ಈಗಲೂ ಅದೇ ಗಿರಣಿಯಲ್ಲಿದ್ದಾನೆ. ಗದ್ದೆಮ್ಮ ಕಡ್ಲಿದಿನ್ನಿಯಲ್ಲಿದ್ದಾಳೆ. ನಂದಿನಿ ಮೊದಲಿನ ಹಾಗೆ ವಾರಕ್ಕೊಮ್ಮೆ ಊರಿಗೆ ಹೋಗುವುದಿಲ್ಲ, ಅವ್ವ ಯಾಕೋ ಮಾತೇ ಆಡುವುದಿಲ್ಲ ಅನ್ನುತ್ತಾಳೆ ಅಂತ ಯಾರೋ ಹೇಳಿದರು. ನಾನು ಕಡ್ಲಿದಿನ್ನಿಗೆ ಹೋಗಿಬಂದ ತಿಂಗಳ ಕೊನೆಗೆ ಮುದಗಲ್‌ನಲ್ಲಿ ನಾಟಕದ ಹನ್ನೊಂದನೇ ಆಟ ಇತ್ತು. ಬರುವುದಿಲ್ಲ ಅಂತ ಗುರುಬಸವನಿಗೆ ಫೋನು ಮಾಡಬೇಕು ಅಂದುಕೊಂಡೆ. ಮಾಡಲಿಲ್ಲ. ಹೋದೆ, ಪೇಟಿ ನುಡಿಸಿದೆ. ಜನ ಚೆನ್ನಾಗಿ ಅತ್ತರು.